ಭೋಗ್ಯದ ಹಣಕ್ಕೆ ಇ.ಸಿ.ಯಲ್ಲಿ (ಋಣಭಾರ ಪತ್ರದಲ್ಲಿ) ಒಂದು ಸಾಲು ಕೊಡಿ: ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ, ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ನಮಸ್ಕಾರಗಳು.

2023ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಪೀಣ್ಯದಲ್ಲಿ ಮೊದಲ ಪಾಳಿ ಮುಗಿಸಿಕೊಂಡು ಮನೆಗೆ ಬಂದರೆ ಗೇಟಿಗೆ ಒಂದು ಕಾಗದ ಅಂಟಿಸಿದ್ದರು. ಗೋಂದು ಇನ್ನೂ ಆರಿರಲಿಲ್ಲ. ಮೇಲೆ ಬ್ಯಾಂಕಿನ ಹೆಸರು. ಕೆಳಗೆ ನಮ್ಮ ಓನರ್ ಹೆಸರು, ಅವರ ಹೆಂಡತಿ ಹೆಸರು, ಬಾಕಿ ಸಾಲ ಎಷ್ಟು ಅಂತ ಅಂಕಿಯಲ್ಲೂ ಅಕ್ಷರದಲ್ಲೂ. ಅದರ ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸೈಟು, ಹೀಗೆ ನಾಲ್ಕೂ ದಿಕ್ಕು. ನನ್ನ ಹೆಂಡತಿ ದಿನಾ ರಂಗೋಲಿ ಹಾಕುವ ಜಾಗವೂ ಆ ಅಳತೆಯೊಳಗೇ ಇತ್ತು. ಆ ಕಟ್ಟಡದ ಮೂರು ಮಹಡಿಯಲ್ಲಿ ಮೂರು ಸಂಸಾರ ಇದ್ದೆವು. ನಮ್ಮಲ್ಲಿ ಒಬ್ಬರ ಹೆಸರೂ ಆ ಕಾಗದದಲ್ಲಿ ಇರಲಿಲ್ಲ.

ಆ ಮೂರು ಸಂಸಾರ ಸೇರಿ ಆ ಮನೆಗೆ 23 ಲಕ್ಷ ರೂಪಾಯಿ ಕೊಟ್ಟಿದ್ದೆವು. ಭೋಗ್ಯಕ್ಕೆ.

ಭೋಗ್ಯ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ತಾತ ಮಗಳ ಮದುವೆಗೆ ಅಂತ ಎರಡು ಎಕರೆ ಹೊಲ ಭೋಗ್ಯಕ್ಕೆ ಹಾಕಿದ್ದರಂತೆ. ಹಣ ಕೊಟ್ಟವರು ಬಡ್ಡಿ ಕೇಳಲಿಲ್ಲ, ಹೊಲ ಉತ್ತು ಬೆಳೆ ತಗೊಂಡರು. ಅಸಲು ತೀರಿಸಿದ ವರ್ಷ ಹೊಲ ವಾಪಸ್ ಬಂತು. ಅದೇ ಪದ್ಧತಿ ಬೆಂಗಳೂರಿಗೆ ಬಂದು 'ಲೀಸ್' ಆಯಿತು. ಒಂದೇ ಸಲ ದೊಡ್ಡ ಮೊತ್ತ ಕೊಡಬೇಕು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರಬಹುದು, ಬಿಡುವಾಗ ಪೂರ್ತಿ ಹಣ ವಾಪಸ್. ಲಗ್ಗೆರೆ, ಸುಂಕದಕಟ್ಟೆ, ಕೆಂಗೇರಿ, ಕೆ.ಆರ್.ಪುರ ಯಾವ ಕಡೆ ಹೋದರೂ 'ಮನೆ ಲೀಸ್‌ಗೆ ಇದೆ' ಅನ್ನೋ ಬೋರ್ಡ್ ಕಾಣುತ್ತದೆ. ಹಳ್ಳಿಯಲ್ಲಿ ಒಂದು ಅನುಕೂಲ ಇತ್ತು. ಯಾವ ಹೊಲ ಯಾರ ಹತ್ತಿರ ಭೋಗ್ಯಕ್ಕಿದೆ ಅಂತ ಊರಿಗೇ ಗೊತ್ತಿರುತ್ತಿತ್ತು. ಇಲ್ಲಿ ಪಕ್ಕದ ಮನೆಯವರಿಗೂ ಗೊತ್ತಿರೋದಿಲ್ಲ.

ನಾವು ಆ ಮನೆ ಸೇರಿದ್ದು 2021ರ ಜೂನ್‌ನಲ್ಲಿ. ಎರಡು ಬೆಡ್‌ರೂಮ್, ಮೊದಲನೇ ಮಹಡಿ, ಒಂಬತ್ತು ಲಕ್ಷ, ಮೂರು ವರ್ಷ. ಪಿ.ಎಫ್.ನಿಂದ ಸ್ವಲ್ಪ ತೆಗೆದೆ. ಹೆಂಡತಿ ಒಂದು ಸರ, ನಾಲ್ಕು ಬಳೆ ಮಾರಿದಳು. ಒಂದು ಚೀಟಿ ಎತ್ತಿದೆವು. ಮಾವ ತಿಪಟೂರಿನಿಂದ ಕೊಬ್ಬರಿ ಮಾರಿದ ಹಣ ತಂದುಕೊಟ್ಟರು. ಅಂಥ ಮನೆಗೆ ಆಗ ತಿಂಗಳ ಬಾಡಿಗೆ ಹದಿನಾಲ್ಕು ಸಾವಿರ ಇತ್ತು. ಬಾಡಿಗೆ ಉಳಿಯುತ್ತದೆ, ಅಸಲೂ ವಾಪಸ್ ಬರುತ್ತದೆ. ಇನ್ನೇನು ಬೇಕು ಅಂದುಕೊಂಡೆವು.

ಆಗ ಹಾಕದ ಒಂದು ಲೆಕ್ಕವನ್ನು ಆಮೇಲೆ ಹಾಕಿದೆ. ತಿಂಗಳಿಗೆ ಹದಿನಾಲ್ಕು ಸಾವಿರ ಅಂದರೆ ವರ್ಷಕ್ಕೆ 1,68,000. ಓನರ್ ನನ್ನ ಒಂಬತ್ತು ಲಕ್ಷಕ್ಕಾಗಿ ಅಷ್ಟು ಬಾಡಿಗೆ ಬಿಟ್ಟುಕೊಡುತ್ತಿದ್ದರು. ಶೇಕಡ 18 ದಾಟಿದ ಬಡ್ಡಿ ಆಯಿತು ಅಲ್ವಾ? ಮನೆ ಸಾಲ ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತಿದ್ದ ಕಾಲ ಅದು. ಸ್ವಂತ ಮನೆ ಇಟ್ಟುಕೊಂಡವರು ಅಷ್ಟು ಬಡ್ಡಿಗೆ ನನ್ನಂಥವನ ಹತ್ತಿರ ಯಾಕೆ ಸಾಲ ಮಾಡಬೇಕು? ಎಲ್ಲರೂ ಹೀಗೇ ಅಂತ ಹೇಳುತ್ತಿಲ್ಲ. ಮೇಲೊಂದು ಮಹಡಿ ಕಟ್ಟೋಕೆ, ಮಗಳ ಮದುವೆಗೆ ಅಂತ ಲೀಸ್ ಕೊಡುವ ಒಳ್ಳೆಯ ಓನರುಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಬ್ಯಾಂಕಿನಲ್ಲಿ ಸಾಲ ಹುಟ್ಟದೆ ಇರೋರೂ ಇದೇ ಬೋರ್ಡ್ ಹಾಕುತ್ತಾರೆ. ಇಬ್ಬರ ಬೋರ್ಡೂ ಒಂದೇ ಥರ ಇರುತ್ತದೆ.

ಅಗ್ರಿಮೆಂಟ್ ಮಾಡಿಸಿದ್ದು ಉಪನೋಂದಣಿ ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ. ಹುಡುಗ ಹಳೇ ಫೈಲ್ ತೆಗೆದು ಹೆಸರು, ವಿಳಾಸ, ಮೊತ್ತ ಬದಲಾಯಿಸಿದ. ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆದ. ಪಕ್ಕದ ಮೇಜಿನಲ್ಲೇ ನೋಟರಿ ಇದ್ದರು. ಠಸ್ಸೆ ಬಿತ್ತು. ಏಳನೇ ಷರತ್ತು ಹೀಗಿತ್ತು: 'ಸದರಿ ಸ್ವತ್ತಿನ ಮೇಲೆ ಯಾವುದೇ ಸಾಲ, ಜಪ್ತಿ, ದಾವೆ ಅಥವಾ ಋಣಭಾರ ಇರುವುದಿಲ್ಲ ಎಂದು ಮಾಲೀಕರು ಈ ಮೂಲಕ ಖಾತ್ರಿಪಡಿಸಿರುತ್ತಾರೆ.' ಓದಿ ಸಮಾಧಾನ ಆಯಿತು. ಅದು ಹಳೇ ಫೈಲಿನ ಸಾಲು ಅಂತ ಹೊಳೆಯಲಿಲ್ಲ. ನಮಗಿಂತ ಮುಂಚೆ ಎಷ್ಟು ಜನರ ಅಗ್ರಿಮೆಂಟಿನಲ್ಲಿ ಅದೇ ಸಾಲು ಕೂತಿತ್ತೋ.

"ರಿಜಿಸ್ಟರ್ ಮಾಡಿಸೋಣವಾ?" ಅಂತ ಕೇಳಿದ್ದೆ. ಬ್ರೋಕರ್ ನಕ್ಕ. "ಸುಮ್ನೆ ಖರ್ಚು ಸರ್. ಲೀಸ್‌ಗೆಲ್ಲ ಯಾರು ರಿಜಿಸ್ಟರ್ ಮಾಡಿಸ್ತಾರೆ?" ಸುಳ್ಳಲ್ಲ. ನನಗೆ ಗೊತ್ತಿದ್ದವರು ಒಬ್ಬರೂ ಮಾಡಿಸಿರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ಅದು ನನ್ನದೇ. ಓನರ್ "ಟ್ಯಾಕ್ಸ್ ತೊಂದ್ರೆ" ಅಂದರು. ಆರು ಲಕ್ಷ ಅಕೌಂಟಿಗೆ, ಮೂರು ಲಕ್ಷ ಕೈಗೆ ಅಂದರು. ಅಗ್ರಿಮೆಂಟಿನಲ್ಲೂ ಆರೇ ಬರೆಸಿದರು. ಒಪ್ಪಿಕೊಂಡೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ, ದಂಡ ಬೀಳೋದು ತಗೊಂಡವರಿಗೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಕೋರ್ಟಿನ ಕಣ್ಣಿಗೆ ನಾನು ಕೊಟ್ಟಿದ್ದು ಆರು ಲಕ್ಷ. ಮಿಕ್ಕ ಮೂರಕ್ಕೆ ಸಾಕ್ಷಿ ಅಂದರೆ ನನ್ನ ಹೆಂಡತಿ, ಮತ್ತು ಅವಳ ಬರಿಗೈ.

ನೋಟಿಸ್ ಬಂದ ಮೇಲೆ ನಾವು ಮೂರೂ ಮನೆಯವರು ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು ಮಾತಾಡಿದೆವು. ಆವತ್ತೇ ಮೊದಲ ಸಲ ಯಾರು ಎಷ್ಟು ಕೊಟ್ಟಿದ್ದಾರೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು. ಎರಡನೇ ಮಹಡಿಯಲ್ಲಿ ಹೊಸದಾಗಿ ಮದುವೆಯಾದ ಜೋಡಿ, ಆರು ಲಕ್ಷ. ಕೆಳಗೆ ರಿಟೈರ್ ಆದ ಯಜಮಾನರು ಮತ್ತು ಅವರ ಹೆಂಡತಿ, ಎಂಟು ಲಕ್ಷ. ಅವರು ಬಂದು ಎರಡು ತಿಂಗಳಾಗಿತ್ತು, ಅಷ್ಟೇ.

ಮಾರನೇ ದಿನ ವಕೀಲರ ಹತ್ತಿರ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಅಗ್ರಿಮೆಂಟ್ ರಿಜಿಸ್ಟರ್ ಆಗಿದೆಯಾ?" ಇಲ್ಲ ಅಂದ ತಕ್ಷಣ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಆವತ್ತು ಹೇಳಿದ್ದನ್ನು ನನಗೆ ಅರ್ಥ ಆದಷ್ಟು ಇಲ್ಲಿ ಬರೆಯುತ್ತೇನೆ. ನಿಮಗೆ ಇದೆಲ್ಲ ಗೊತ್ತು. ಆದರೆ ಈ ಪತ್ರ ಓದುವ ಬೇರೆಯವರಲ್ಲಿ ನಾಳೆ ಲೀಸ್ ಮನೆ ನೋಡೋಕೆ ಹೊರಟಿರೋರು ಇರಬಹುದು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಬಾಡಿಗೆ ಕರಾರನ್ನು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸೋದು ಇದೇ ಕಾರಣಕ್ಕೆ. ನೋಂದಣಿ ಆಗದ ಮೂರು ವರ್ಷದ ಲೀಸ್ ಪತ್ರ ಕೋರ್ಟಿಗೆ ಹೋದರೆ ನೀವು ಆ ಮನೆಯಲ್ಲಿ ಇದ್ದೀರಿ ಅಂತ ತೋರಿಸೋಕೆ ಉಪಯೋಗಕ್ಕೆ ಬರಬಹುದು. ಮೂರು ವರ್ಷ ಇರುವ ಹಕ್ಕು ಇದೆ ಅಂತ ಸಾಬೀತು ಮಾಡೋಕೆ ಬರೋದಿಲ್ಲ. ನೋಟರಿ ಠಸ್ಸೆ ನೋಂದಣಿ ಅಲ್ಲ. ಇದು ಲೀಸೇ ಅಲ್ಲ, ಹಣಕ್ಕೆ ಬದಲಾಗಿ ಮನೆ ಅನುಭವಿಸುವ ಭೋಗ್ಯದ ಅಡಮಾನ ಅಂತ ವಾದ ಮಾಡಬಹುದಾ ಅಂತ ಕೇಳಿದೆ. ಆ ಥರದ ಅಡಮಾನವೂ ಅದೇ ಕಾಯ್ದೆಯಲ್ಲಿ ಇದೆ. ಆದರೆ ಅದಕ್ಕೆ ನೂರು ರೂಪಾಯಿ ಅಸಲಿದ್ದರೂ ನೋಂದಣಿ ಬೇಕು. ಲೀಸ್ ಅನ್ನಿ, ಅಡಮಾನ ಅನ್ನಿ, ಎರಡು ಬಾಗಿಲೂ ಉಪನೋಂದಣಿ ಕಚೇರಿಯ ಒಳಗಿಂದಲೇ ತೆರೆಯುತ್ತವೆ. ನಾವು ಎದುರಿನ ಟೈಪಿಂಗ್ ಅಂಗಡಿಯಿಂದಲೇ ವಾಪಸ್ ಬಂದಿದ್ದೆವು.

ಇನ್ನು ಬ್ಯಾಂಕಿನ ಕಡೆಯ ಕಥೆ. ಓನರ್ 2018ರಲ್ಲೇ ಮನೆ ಪತ್ರ ಇಟ್ಟು ಸಾಲ ತಗೊಂಡಿದ್ದರು. ನಾವು ನೋಡಿದ ಇ.ಸಿ.ಯಲ್ಲಿ, ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಅದು ಇರಲಿಲ್ಲ. ಹೇಗೆ ಅಂದರೆ, ಮೂಲ ಪತ್ರಗಳನ್ನು ಬ್ಯಾಂಕಿನ ಕೈಗೆ ಕೊಟ್ಟರೇ ಅಡಮಾನ ಆಗಿಬಿಡುತ್ತದೆ, ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಕೆಲವು ಬ್ಯಾಂಕುಗಳು ಅದನ್ನೂ ನೋಂದಣಿ ಮಾಡಿಸುತ್ತವೆ, ಆಗ ಇ.ಸಿ.ಯಲ್ಲಿ ಕಾಣುತ್ತದೆ. ಮಾಡಿಸದಿದ್ದರೆ ಇ.ಸಿ. ಕ್ಲೀನಾಗಿಯೇ ಇರುತ್ತದೆ. ಇಂಥ ಸಾಲಗಳನ್ನು ದಾಖಲಿಸೋಕೆ 2011ರಿಂದ ಸೆರ್ಸಾಯ್ ಅನ್ನೋ ಕೇಂದ್ರೀಯ ದಾಖಲೆ ವ್ಯವಸ್ಥೆ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ನಾನು ಆ ಹೆಸರು ಕೇಳಿದ್ದು ಒಂಬತ್ತು ಲಕ್ಷ ಕೊಟ್ಟು ಹತ್ತಿರ ಹತ್ತಿರ ಎರಡು ವರ್ಷ ಆದ ಮೇಲೆ. ನಮ್ಮ ಬೀದಿಯಲ್ಲಿ ಹತ್ತು ಜನ ಬ್ರೋಕರುಗಳಿದ್ದಾರೆ. ಅವರಲ್ಲಿ ಎಷ್ಟು ಜನ ಕೇಳಿದ್ದಾರೋ ಗೊತ್ತಿಲ್ಲ.

ಸಾಲದ ಕಂತು ನಿಂತ ಮೇಲೆ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆ (ಅಡಮಾನದ ಸ್ವತ್ತನ್ನು ವಶಕ್ಕೆ ತಗೊಂಡು ಮಾರಿ ಸಾಲ ವಸೂಲು ಮಾಡೋಕೆ ಬ್ಯಾಂಕಿಗಿರೋ ಕಾಯ್ದೆ) ಪ್ರಕಾರ ಓನರ್‌ಗೆ 60 ದಿನದ ನೋಟಿಸ್ ಕೊಟ್ಟಿತ್ತು. ಅದು 2022ರ ನವೆಂಬರ್‌ನಲ್ಲಿ. ಆ ನೋಟಿಸ್ ಬಂದ ಮೇಲೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಓನರ್ ಆ ಮನೆಯನ್ನು ಮಾರುವ ಹಾಗಿಲ್ಲ, ಲೀಸ್‌ಗೆ ಕೊಡುವ ಹಾಗೂ ಇಲ್ಲ. ಕಾಯ್ದೆಯಲ್ಲೇ ಹಾಗಿದೆ. ಕೆಳಮನೆ ಯಜಮಾನರು ಎಂಟು ಲಕ್ಷ ಕೊಟ್ಟಿದ್ದು 2023ರ ಜನವರಿಯಲ್ಲಿ. ಅಂದರೆ ಓನರ್ ಆ ನೋಟಿಸನ್ನು ಬೀರುವಿನಲ್ಲಿಟ್ಟು ಬಂದು ಅಗ್ರಿಮೆಂಟಿಗೆ ಸಹಿ ಹಾಕಿದ್ದರು. ಆ ಮೊದಲ ನೋಟಿಸ್ ಗೇಟಿಗೆ ಅಂಟಿಸಿದ್ದರೆ ಆ ಎಂಟು ಲಕ್ಷ ಉಳಿಯುತ್ತಿತ್ತು. ಗೇಟಿಗೆ ಬಂದಿದ್ದು ಎರಡನೇ ಕಾಗದ, ಸ್ವಾಧೀನದ್ದು.

ಬ್ಯಾಂಕಿಗೆ ಅಡಮಾನ ಇಟ್ಟ ಮನೆಯನ್ನು ಮಾಲೀಕ ಬೇರೆಯವರಿಗೆ ಕೊಡಲೇಬಾರದಾ? ಕೊಡಬಹುದು. ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಂನಲ್ಲಿ ಅದಕ್ಕೆ ಷರತ್ತುಗಳಿವೆ. ಸಿಗಬಹುದಾದ ಒಳ್ಳೆಯ ಬಾಡಿಗೆ ನಿಗದಿಯಾಗಿರಬೇಕು. ಮುಂಗಡ ಬಾಡಿಗೆ ತಗೊಳ್ಳಬಾರದು. ಬಾಡಿಗೆ ಬದಲು ಇಡಿಗಂಟು ತಗೊಳ್ಳಬಾರದು. ಕಟ್ಟಡವಾದರೆ ಅವಧಿ ಮೂರು ವರ್ಷ ಮೀರಬಾರದು. ನಮ್ಮ ಭೋಗ್ಯ ಅಂದರೆ ಇಡಿಗಂಟೇ. ಇದರ ಮೇಲೆ ಬ್ಯಾಂಕಿನ ಸಾಲದ ಕರಾರಿನಲ್ಲಿ ಲೀಸ್ ಕೊಡಬಾರದು ಅಂತ ಬರೆದಿದ್ದರೆ ಮುಗಿದೇಹೋಯಿತು. ಸುಪ್ರೀಂ ಕೋರ್ಟ್ 2019ರಲ್ಲಿ ಬಜರಂಗ್ ಶ್ಯಾಮಸುಂದರ್ ಅಗರ್‌ವಾಲ್ ಪ್ರಕರಣದಲ್ಲಿ ಹೇಳಿದ್ದನ್ನೂ ವಕೀಲರು ತೋರಿಸಿದರು. ನೋಂದಣಿ ಆಗದ ಕರಾರು ಹಿಡಿದು ಬಂದ ಬಾಡಿಗೆದಾರ ಬ್ಯಾಂಕಿನ ಎದುರು ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಹಕ್ಕು ಕೇಳೋಕಾಗದು ಅನ್ನೋದು ಅದರ ಸಾರ.

ಆದರೂ ಡಿ.ಆರ್.ಟಿ.ಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅರ್ಜಿ ಹಾಕಿದೆವು. ಬ್ಯಾಂಕಿನ ಕ್ರಮ ಪ್ರಶ್ನಿಸೋಕೆ 45 ದಿನ ಇರುತ್ತದೆ. 2016ರ ತಿದ್ದುಪಡಿ ಆದ ಮೇಲೆ ಬಾಡಿಗೆದಾರರೂ, ಲೀಸ್‌ದಾರರೂ ಅಲ್ಲಿಗೆ ಹೋಗಬಹುದು. ಅಲ್ಲಿ ಕೇಳೋದು ಮನೆಯಲ್ಲಿ ಇರೋಕೆ ನಿಮಗೆ ಹಕ್ಕಿದೆಯಾ ಅಂತ. ನಿಮ್ಮ ಹಣ ಎಲ್ಲಿ ಅಂತ ಅಲ್ಲಿ ಯಾರೂ ಕೇಳೋದಿಲ್ಲ. ಹಣಕ್ಕೆ ಓನರ್ ಮೇಲೆ ಬೇರೆ ದಾವೆ ಹೂಡಬೇಕು. ಹರಾಜಿನಲ್ಲಿ ಬಂದ ಹಣದಲ್ಲಿ ಬ್ಯಾಂಕಿನ ಬಾಕಿ ಮೊದಲು. ಮಿಕ್ಕಿದ್ದು ಓನರ್‌ಗೆ. ನಮ್ಮ ಸಾಲು ಆ ಲೆಕ್ಕದಲ್ಲೇ ಇಲ್ಲ.

ಮನೆ ಬಿಡಿಸೋಕೆ ಬಂದ ದಿನದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಮ್ಯಾಜಿಸ್ಟ್ರೇಟರ ಆದೇಶ ಹಿಡಿದು ಕೋರ್ಟ್ ಕಮಿಷನರ್ ಅಂತ ಒಬ್ಬ ಯುವ ವಕೀಲರು ಬಂದಿದ್ದರು. ಜೊತೆಗೆ ಬ್ಯಾಂಕಿನವರು, ಇಬ್ಬರು ಪೊಲೀಸರು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಮಹಜರು ಬರೆಯುತ್ತಿದ್ದರು: 'ಗ್ಯಾಸ್ ಸಿಲಿಂಡರ್ 2, ಮಂಚ 1, ಗ್ರೈಂಡರ್ 1.' ಕೆಳಮನೆ ಅಜ್ಜಿ ತುಳಸಿ ಕುಂಡ ಎತ್ತೋಕೆ ಹೋದರು, ಆಗಲಿಲ್ಲ. ಪೊಲೀಸ್‌ನವರೇ ಎತ್ತಿ ಆಟೋದಲ್ಲಿಟ್ಟರು. "ಇದನ್ನೂ ಬರ್ಕೊಳ್ಳಪ್ಪ," ಅಂದರು ಅಜ್ಜಿ. ಬರೆಯುತ್ತಿದ್ದವನು ತಲೆ ಎತ್ತಲಿಲ್ಲ.

ಹಣದ ವಿಷಯ: ದಾವೆ ಹೂಡಿದೆವು. ಓನರ್ ಊರಿನ ಜಮೀನಿನ ಪಾಲು ಮಾರಿ ರಾಜಿಗೆ ಬಂದರು. ನನಗೆ ನಾಲ್ಕು ಲಕ್ಷ ಸಿಕ್ಕಿತು. ಮೇಲಿನ ಜೋಡಿಗೆ ಎರಡೂವರೆ. ಕೆಳಮನೆಯವರು ರಾಜಿಗೆ ಒಪ್ಪಲಿಲ್ಲ, ಅವರ ಕೇಸ್ ಇನ್ನೂ ನಡೆಯುತ್ತಿದೆ.

ನಮ್ಮದು ಒಂದು ಬಗೆ. ಬೇರೆ ಬಗೆಗಳೂ ಇವೆ. ಮನೆಯನ್ನು ಓನರ್‌ನಿಂದ ತಿಂಗಳ ಬಾಡಿಗೆಗೆ ತಗೊಂಡು, ಬೇರೆಯವರಿಗೆ ಲೀಸ್‌ಗೆ ಕೊಡುವ ಮಧ್ಯವರ್ತಿಗಳಿದ್ದಾರೆ. ಕೆಲವು ತಿಂಗಳು ಬಾಡಿಗೆ ಸರಿಯಾಗಿ ಕಟ್ಟುತ್ತಾರೆ, ಆಮೇಲೆ ಇಡಿಗಂಟಿನ ಜೊತೆ ಮಾಯ. ಓನರ್ ಬಂದು "ನೀವು ಯಾರು?" ಅನ್ನುತ್ತಾರೆ, ಪಾಪ, ಅವರೂ ಮೋಸಹೋದವರೇ. ಅಪ್ಪನ ಹೆಸರಿನಲ್ಲಿರೋ ಮನೆಯನ್ನು ಮಗ ಲೀಸ್‌ಗೆ ಕೊಟ್ಟಿರುತ್ತಾನೆ, ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳು ಪಾಲು ಕೇಳುತ್ತಾರೆ. ಜಿ.ಪಿ.ಎ. (ಮಾಲೀಕರ ಪರವಾಗಿ ಸಹಿ ಮಾಡೋ ಅಧಿಕಾರ ಪತ್ರ) ಹಿಡಿದವರು ಸಹಿ ಮಾಡಿರುತ್ತಾರೆ, ಆ ಜಿ.ಪಿ.ಎ. ರದ್ದಾಗಿ ವರ್ಷ ಆಗಿರುತ್ತದೆ.

ಲೀಸ್ ಅವಧಿ ಮುಗಿದ ಮೇಲೆ ಮುಂದುವರಿಸುವ ಕಥೆ ಇನ್ನೊಂದು. ಮೂರು ವರ್ಷ ಆಯಿತು, "ಇನ್ನೆರಡು ವರ್ಷ ಇರಿ, ಒಂದು ಲಕ್ಷ ಜಾಸ್ತಿ ಕೊಡಿ" ಅನ್ನುತ್ತಾರೆ ಓನರ್. ಹಳೇ ಅಗ್ರಿಮೆಂಟಿನ ಹಿಂದೆ 'ಮುಂದುವರಿಸಲಾಗಿದೆ' ಅಂತ ಬರೆದು ಸಹಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಇದು ದಿನಾ ನಡೆಯುವ ಕೆಲಸ. ಆ ಸಾಲಿಗೆ ಕಾನೂನಿನಲ್ಲಿ ಎರಡು ವರ್ಷದ ಬಲ ಇಲ್ಲ. ಓನರ್ ಒಪ್ಪಿಗೆಯಿಂದ ಹಾಗೇ ಮನೆಯಲ್ಲಿ ಮುಂದುವರಿದರೆ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರನ ಲೆಕ್ಕ, 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಹಣ ವಸೂಲಿಗೆ ಕಾಲಮಿತಿ ಕಾಯ್ದೆಯಲ್ಲಿ ಸಾಧಾರಣವಾಗಿ ಮೂರೇ ವರ್ಷ. ಹಣ ವಾಪಸ್ ಕೊಡಬೇಕಾದ ದಿನ ದಾಟಿದ ಮೇಲೆ "ಮುಂದಿನ ತಿಂಗಳು, ಮುಂದಿನ ತಿಂಗಳು" ಅನ್ನೋ ಓನರ್‌ನ ಬಾಯಿಮಾತು ನಂಬಿಕೊಂಡು ಕೂತರೆ ಗಡಿಯಾರ ಓಡುತ್ತಲೇ ಇರುತ್ತದೆ. 'ಇಷ್ಟು ಹಣ ಕೊಡಬೇಕಾಗಿದೆ' ಅಂತ ಆ ಮೂರು ವರ್ಷದೊಳಗೆ ಬರೆಸಿ ಸಹಿ ಹಾಕಿಸಿಕೊಂಡರೆ ಆ ದಿನದಿಂದ ಹೊಸ ಲೆಕ್ಕ ಶುರುವಾಗುತ್ತದೆ.

ಲೀಸ್‌ದಾರರು ಇರುವ ಮನೆಯನ್ನು ಕೊಳ್ಳುವವರಿಗೂ ಇದರಲ್ಲಿ ಪಾಲಿದೆ. ಮನೆ ಕೊಂಡವರು ಹಳೇ ಮಾಲೀಕರ ಜಾಗಕ್ಕೆ ಬರುತ್ತಾರೆ, ಲೀಸ್ ಅವರನ್ನೂ ಕಟ್ಟಿಹಾಕಬಹುದು. ತಿಳಿದವರು ಏನು ಮಾಡುತ್ತಾರೆ ಅಂದರೆ, ಲೀಸ್ ಮೊತ್ತವನ್ನು ಕ್ರಯದ ಹಣದಲ್ಲಿ ಮುರಿದುಕೊಂಡು, ರಿಜಿಸ್ಟ್ರೇಷನ್ ದಿನವೇ ಲೀಸ್‌ದಾರರ ಕೈಗೆ ಡಿ.ಡಿ. ಕೊಟ್ಟು ಕೀ ತಗೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಕೊಳ್ಳುವವರು ಇ.ಸಿ. ತೆಗೆಸಿದರೆ ಲೀಸ್ ಕಾಣೋದಿಲ್ಲ. ಮನೆ ನೋಡೋಕೆ ಬಂದಾಗ "ಅವರು ಬಾಡಿಗೆಯವರು, ಮುಂದಿನ ತಿಂಗಳು ಬಿಡ್ತಾರೆ" ಅಂತ ಓನರ್ ಹೇಳಿದರೆ ನಂಬಿಬಿಡುತ್ತಾರೆ. ಒಳಗೆ ಕೂತಿರೋರನ್ನು ಒಂದು ಮಾತು ಕೇಳೋಕೆ ನಮ್ಮ ಜನಕ್ಕೆ ಯಾಕೋ ಸಂಕೋಚ.

ಸಚಿವರೇ, ಈಗ ನಾನು ಕೇಳೋಕೆ ಬಂದಿದ್ದನ್ನು ಕೇಳುತ್ತೇನೆ.

ವಾಸದ ಮನೆಯ ಭೋಗ್ಯಕ್ಕೆ ಒಂದು ಸರಳ ನೋಂದಣಿ ಮಾಡಿ. ಈಗ ಇಡಿಗಂಟು ಎಷ್ಟಿದೆಯೋ ಅದರ ಮೇಲೂ ಸುಂಕ ಲೆಕ್ಕ ಹಾಕುತ್ತಾರೆ. ಬಾಡಿಗೆ ಉಳಿಸೋಕೆ ಅಂತ ಬಳೆ ಮಾರಿದವರು ಇನ್ನಷ್ಟು ಸಾವಿರ ಕೊಟ್ಟು ನೋಂದಣಿ ಮಾಡಿಸೋದು ಕಷ್ಟ. ಮುದ್ರಾಂಕ ಶುಲ್ಕದ ದರ ರಾಜ್ಯದ ಕೈಯಲ್ಲೇ ಇದೆ. ಮೊತ್ತ ಎಷ್ಟೇ ಇರಲಿ, ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಒಂದು ಸಣ್ಣ ಮಿತಿ ಹಾಕಿ. ನಿಮ್ಮ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಮನೆಯಿಂದಲೇ ಇ.ಸಿ. ತೆಗೆಯೋ ಹಾಗೆ ಮಾಡಿದ್ದೀರಿ, ಒಳ್ಳೆಯದಾಯಿತು. ಆ ಇ.ಸಿ.ಯಲ್ಲಿ ಭೋಗ್ಯಕ್ಕೂ ಒಂದು ಸಾಲು ಬರಲಿ: ಇಂಥ ಮಹಡಿ, ಇಷ್ಟು ಹಣ, ಇಂಥ ದಿನದವರೆಗೆ. ಹೊಸದಾಗಿ ಸಾಲ ಕೊಡುವ ಬ್ಯಾಂಕಿಗೂ ಕಾಣಲಿ, ಮನೆ ಕೊಳ್ಳುವವರಿಗೂ ಕಾಣಲಿ.

ನನ್ನ ಕೇಸಿನಲ್ಲಿ ಇದು ಒಂದೇ ಸಾಕಾಗುತ್ತಿರಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಬ್ಯಾಂಕಿನ ಸಾಲ 2018ರದ್ದು, ನನ್ನ ಅಗ್ರಿಮೆಂಟ್ 2021ರದ್ದು. ನೋಂದಣಿ ಮಾಡಿಸಿದ್ದರೂ ಮೊದಲು ಬಂದವರು ಮೊದಲೇ. ಅದಕ್ಕೇ ಎರಡನೇ ಬೇಡಿಕೆ: ಬ್ಯಾಂಕಿನಲ್ಲಿ ಪತ್ರ ಇಟ್ಟ ಅಡಮಾನವೂ ಅದೇ ಇ.ಸಿ.ಯಲ್ಲಿ ಕಾಣಬೇಕು. ಸೆರ್ಸಾಯ್‌ನಲ್ಲಿ ಇರೋ ಮಾಹಿತಿಯನ್ನು ಕಾವೇರಿಗೆ ಜೋಡಿಸಿ. ಸರ್ಫೇಸಿ ಕೇಂದ್ರದ ಕಾಯ್ದೆ, ನೀವು ಒಬ್ಬರೇ ಬದಲಾಯಿಸೋಕಾಗದು ಅಂತ ಗೊತ್ತು. ಆದರೆ ಕೇಂದ್ರಕ್ಕೆ ಪತ್ರ ಬರೆಯಬಹುದು. ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯಲ್ಲಿ ಮಾತು ಎತ್ತಬಹುದು. 60 ದಿನದ ಮೊದಲ ನೋಟಿಸನ್ನೇ ಗೇಟಿಗೂ ಅಂಟಿಸಿ ಅಂತ ಬ್ಯಾಂಕುಗಳಿಗೆ ಹೇಳೋಕೆ ಗೋಂದಿನ ಖರ್ಚು ಬಿಟ್ಟರೆ ಬೇರೆ ಏನೂ ಇಲ್ಲ.

ಬೇರೆ ದೇಶದಲ್ಲಿ ಹೀಗೆ ಇದೆಯಾ ಅಂತ ನೀವು ಕೇಳಬಹುದು. ಇದೆ. ನನ್ನ ತಂಗಿಯ ಮಗ ಓದೋಕೆ ದಕ್ಷಿಣ ಕೊರಿಯಾಕ್ಕೆ ಹೋಗಿದ್ದಾನೆ. ಫೋನಿನಲ್ಲಿ ನಮ್ಮ ಕಥೆ ಕೇಳಿ, "ಮಾವ, ಇಲ್ಲೂ ಭೋಗ್ಯ ಇದೆ!" ಅಂದ. ಅಲ್ಲಿ ಅದಕ್ಕೆ ಜೊನ್ಸೆ ಅನ್ನುತ್ತಾರೆ. ಹಾಗೇ ನಮ್ಮದೇ ಪದ್ಧತಿ: ಇಡಿಗಂಟು ಕೊಡು, ಬಾಡಿಗೆ ಇಲ್ಲದೆ ಇರು, ಬಿಡುವಾಗ ವಾಪಸ್ ತಗೋ. ಆದರೆ ಅಲ್ಲಿ 1981ರಿಂದ ಬಾಡಿಗೆದಾರರಿಗೆ ಅಂತಲೇ ಒಂದು ರಕ್ಷಣಾ ಕಾಯ್ದೆ ಇದೆ. ಮನೆ ಸೇರಿ, ಬಡಾವಣೆ ಕಚೇರಿಗೆ ಹೋಗಿ ವಿಳಾಸ ಬದಲಾಯಿಸಿ, ಕರಾರಿನ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಖರ್ಚು ಪುಡಿಗಾಸು. ಆ ಮುದ್ರೆ ಬಿದ್ದರೆ ಮನೆ ಹರಾಜಾದಾಗ ಆಮೇಲೆ ಸಾಲ ಕೊಟ್ಟವರಿಗಿಂತ ಮೊದಲು ಬಾಡಿಗೆದಾರನ ಇಡಿಗಂಟು ಸಿಗಬೇಕು. ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ದೊಡ್ಡ ದೊಡ್ಡ ಮೋಸಗಳಾಗಿ, 2023ರಲ್ಲಿ ಮೋಸಹೋದವರಿಗಾಗಿ ಬೇರೆ ಕಾನೂನೇ ಮಾಡಬೇಕಾಯಿತು. ಆದರೂ ಅಲ್ಲಿ ಮೋಸಹೋದವನ ಕೈಯಲ್ಲಿ ಒಂದು ಮುದ್ರೆಯಾದರೂ ಇರುತ್ತದೆ. ನಮ್ಮ ಬೆಂಗಳೂರು ಒನ್ ಕೌಂಟರಿನಲ್ಲಿ ಕರೆಂಟ್ ಬಿಲ್ ಕಟ್ಟುವ ಹಾಗೆ ಭೋಗ್ಯದ ಪತ್ರಕ್ಕೂ ಒಂದು ಮುದ್ರೆ ಹಾಕಿಸಿಕೊಳ್ಳೋ ದಿನ ಬರೋಕಾಗದಾ?

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಅನ್ನಬಹುದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿದೆ. ಇವತ್ತು ಆ ಬೆಲೆಗೆ ಈ ಊರಿನಲ್ಲಿ ಸ್ಕೂಟರ್ ನಿಲ್ಲಿಸೋ ಜಾಗದ ಜೊತೆ ಒಂದು ರೂಮ್ ಹುಡುಕಿ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ ಅದು. ದೆಹಲಿಯಲ್ಲಿ ಕೂತು ಬರೆದವರಿಗೆ ನಮ್ಮ ಭೋಗ್ಯ ಕಂಡಿಲ್ಲ. ನಾಳೆ ಅದನ್ನು ಹಾಗೇ ತಂದರೆ ಭೋಗ್ಯ ನಿಲ್ಲೋದಿಲ್ಲ, ಇನ್ನೂ ಕತ್ತಲೆಗೆ ಹೋಗುತ್ತದೆ. ನಿಷೇಧ ಮಾಡಿ ಅಂತ ದಯವಿಟ್ಟು ಯಾರೂ ಸಲಹೆ ಕೊಡಬೇಡಿ. ತಿಂಗಳ ಸಂಬಳದಲ್ಲಿ ಮಕ್ಕಳ ಫೀಸ್ ಕಟ್ಟಬೇಕಾದವರಿಗೆ ಬಾಡಿಗೆ ಇಲ್ಲದ ಮೂರು ವರ್ಷ ಎಷ್ಟು ದೊಡ್ಡ ಉಸಿರು ಅಂತ ನಮಗೆ ಗೊತ್ತು. ನಾವೇ ಆ ಎರಡು ವರ್ಷದಲ್ಲಿ ಮಗಳನ್ನು ಡಿಪ್ಲೊಮಾ ಸೇರಿಸಿದ್ದು.

ಓನರುಗಳು ನೋಂದಣಿಗೆ ಒಪ್ಪೋದಿಲ್ಲ ಅನ್ನೋದು ಇನ್ನೊಂದು ಮಾತು. ತೆರಿಗೆ ಭಯ. ಕೆಲವರು ಒಪ್ಪೋದಿಲ್ಲ, ನಿಜ. ಆದರೆ ನೋಂದಣಿ ಇನ್ನೂರು ಮುನ್ನೂರು ರೂಪಾಯಿಯ ಕೆಲಸ ಆಗಿ, ಹತ್ತರಲ್ಲಿ ಆರು ಮಂದಿ ಮಾಡಿಸೋಕೆ ಶುರು ಮಾಡಿದರೆ, ಬೇಡ ಅನ್ನೋ ಓನರ್ ಎದ್ದು ಕಾಣುತ್ತಾರೆ. ಆಗ ಬ್ರೋಕರ್ ನಗೋಕಾಗೋದಿಲ್ಲ. ನನ್ನ ಪ್ರಶ್ನೆಗೆ ಅವನು ನಕ್ಕನಲ್ಲ, ನನಗೆ ಈಗಲೂ ಓನರ್‌ಗಿಂತ ಜಾಸ್ತಿ ನೆನಪಾಗೋದು ಆ ನಗು.

ನಾವೀಗ ಬಾಡಿಗೆ ಮನೆಯಲ್ಲಿದ್ದೇವೆ. ಹನ್ನೊಂದು ತಿಂಗಳ ಕರಾರು. ಕೆಳಮನೆ ಯಜಮಾನರು ಮಗನ ಮನೆ ಸೇರಿಕೊಂಡಿದ್ದಾರೆ. ಕೇಸಿನ ತಾರೀಕು ಇದ್ದ ದಿನ ಕೋರ್ಟಿನಿಂದ ನನಗೆ ಫೋನ್ ಮಾಡುತ್ತಾರೆ. ಈ ಪತ್ರ ಬರೆಯುತ್ತೇನೆ ಅಂದಾಗ, "ನಮ್ಮ ಹೆಸರೂ ಹಾಕಪ್ಪ," ಅಂದರು. ಬಹಿರಂಗ ಪತ್ರ, ಕೇಸ್ ಬೇರೆ ನಡೆಯುತ್ತಿದೆ, ಹಾಗಾಗಿ ಹಾಕಿಲ್ಲ. ನಿಮ್ಮ ಕಚೇರಿಗೆ ಕಳಿಸುವ ಪ್ರತಿಯಲ್ಲಿ ಮೂರೂ ಸಂಸಾರದ ಹೆಸರು, ವಿಳಾಸ, ಸಹಿ ಇದೆ.

ಅದರ ಜೊತೆ ನಮ್ಮ ಮೂರು ಅಗ್ರಿಮೆಂಟಿನ ಜೆರಾಕ್ಸ್ ಇಟ್ಟಿದ್ದೇನೆ. ಏಳನೇ ಷರತ್ತು ಮೂರರಲ್ಲೂ ಒಂದೇ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಮೊದಲನೇ ಮಹಡಿಯ ಹಳೇ ಲೀಸ್‌ದಾರ
ಬೆಂಗಳೂರು